ರೈಟ್

ಸ್ಟೇಟ್ ಬ್ಯಾಂಕಿನಲ್ಲಿ ಬಸ್ಸು ಹಿಂದೆ ಬರುವಾಗ
ತಗಡಿಗೆ ಅಂಗೈ ಬಡಿದು ನಾನು ಹೇಳುವುದು
ರೈಟ್, ರೈಟ್, ರೈಟ್.
ಅಂದರೆ ಬಾ, ಇನ್ನೂ ಜಾಗ ಉಂಟು.
ಜನ ತುಂಬಿ, ಕೊನೆಯವನ ಚೀಲವನ್ನೂ ಒಳಗೆಳೆದ ಮೇಲೆ
ಅದೇ ತಗಡು, ಅದೇ ಅಂಗೈ:
ರೈಟ್, ಪೋಯಿ!
ಹಿಂದಕ್ಕೂ ಅದೇ ಮಾತು, ಮುಂದಕ್ಕೂ ಅದೇ.
ಲಿಗೋರಿಗೆ ಗೊಂದಲವಿಲ್ಲ. ಹತ್ತೊಂಬತ್ತು ವರ್ಷ
ನನ್ನ ದನಿಯನ್ನೇ ಕನ್ನಡಿ ಮಾಡಿಕೊಂಡು ಓಡಿಸಿದವನು.

ಗೊಂದಲ ತಂದದ್ದು ಜ್ಯೋತಿಯಲ್ಲಿ ಹತ್ತುವ ಮಿಸ್ರಿಯಾ,
ಆರನೇ ಕ್ಲಾಸು. ಕಂಬಕ್ಕೆ ಆತುಕೊಂಡು ಪುಸ್ತಕ ಬಿಡಿಸಿದಳು.
'ಅಂಕಲ್, ರೈಟ್ ಅಂದರೆ ಎಂತ?
ಟೀಚರ್ ಐದು ಅರ್ಥ ಬರೆಯಲಿಕ್ಕೆ ಹೇಳಿದ್ದಾರೆ,
ನನಗೆ ಸಿಕ್ಕಿದ್ದು ಎರಡೇ.'

ಬಲ ಅಂತ ಬರೆದಿದ್ದಳು, ಸರಿ ಅಂತ ಬರೆದಿದ್ದಳು.
ಟಿಕೆಟ್ ಹರಿಯುತ್ತ ನಾನು ಯೋಚಿಸಿದೆ.
ಬಲ ಎಂದರೆ ಈ ಕೈ; ಬಲ ಎಂದರೆ ರಟ್ಟೆಯ ತ್ರಾಣವೂ ಹೌದು;
ನನ್ನ ಮನೆಯ ತುಳುವಿನಲ್ಲಿ ಬಲ ಎಂದರೆ ಬಾ.
ಸರಿ ಎಂದರೆ ತಪ್ಪಲ್ಲದ್ದು. ಮತ್ತೆ ದಿನಕ್ಕೆ ನೂರು ಸಲ
'ಸ್ವಲ್ಪ ಒಳಗೆ ಸರೀರಿ' ಅನ್ನುವುದೂ ನಾನೇ ಅಲ್ಲವಾ.
ಅಷ್ಟರಲ್ಲಿ ಬಲ್ಮಠ ಬಂತು.
'ಹೋಗು ಅಂತ ಒಂದು ಬರಿ, ಬಾ ಅಂತ ಒಂದು ಬರಿ' ಅಂದೆ.
'ಡಿಕ್ಷನರಿಯಲ್ಲಿ ಇಲ್ಲವಲ್ಲ ಅಂಕಲ್!'
'ಡಿಕ್ಷನರಿ ಬಸ್ಸಿನಲ್ಲಿ ಹೋಗ್ತದಾ ಮಗಾ?'
ನಕ್ಕಳು, ಬರೆದಳು, ಇಳಿದಳು.

ಐದನೆಯದು ನನಗೆ ಗೊತ್ತಿತ್ತು. ಹೇಳಲಿಲ್ಲ.

ಕಂಕನಾಡಿ, ಹೋದ ವರ್ಷ, ಬೆಳಿಗ್ಗೆ ಎಂಟೂಕಾಲು.
ದಕ್ಕೆಯಿಂದ ಬಂದ ಕಲ್ಯಾಣಿಯಕ್ಕ ಹಿಂಬಾಗಿಲಲ್ಲಿ ಇಳಿಯುತ್ತಿದ್ದಳು.
ಬೂತಾಯಿ ಬುಟ್ಟಿಯನ್ನು ಕೆಳಗೆ ಕೊಟ್ಟಾಗಿತ್ತು,
ಒಂದು ಕಾಲು ನೆಲದಲ್ಲಿ, ಒಂದು ಇನ್ನೂ ಮೆಟ್ಟಿಲಲ್ಲಿ.
ಹಿಂದಿನ ಬಸ್ಸಿನ ಹಾರನ್ನು, ಪಂಪ್‌ವೆಲ್ಲಿನ ಟೈಮ್ ಕೀಪರನ ವಾಚು,
ನನ್ನ ಬಾಯಿ.

ಕೋರ್ಟಿನಲ್ಲಿ ವಕೀಲರು ಕೇಳಿದರು, ಯಾವ ಕಾಲು?
ರೈಟ್.
ನೀನು ಕೂಗಿದ್ದು ಎಂತ?
ರೈಟ್.
ಕೂಗಿದ್ದು ರೈಟಾ?
ಟೈಪಿಸ್ಟನ ಬೆರಳು ನಿಂತಿತು.
ಆಚೆ ಬದಿಯ ಕರಿಕೋಟಿನ ಹುಡುಗಿ ಎದ್ದು
ಪರಿಹಾರ ಕೊಡುವುದು ದಯೆಯಲ್ಲ, ಇವರ ರೈಟ್ ಅಂದಳು.
ಒಂದೇ ಕೋಣೆಯೊಳಗೆ ಅಷ್ಟೂ ರೈಟುಗಳು,
ನಡುವೆ ತಪ್ಪಾಗಿ ನಾನೊಬ್ಬ.
ಕಲ್ಯಾಣಿಯಕ್ಕ ಬೆಂಚಿನಲ್ಲಿ, ಪಟ್ಟಿ ಸುತ್ತಿದ ಕಾಲು ಚಾಚಿ,
ನನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು.

ಆಮೇಲಿಂದ ಬಗ್ಗಿ ಮೆಟ್ಟಿಲು ನೋಡುತ್ತೇನೆ, ಎರಡು ಸಲ.
ಮಾತು ಗಂಟಲಲ್ಲಿ ಒಂದು ಉಸಿರು ಕಾಯುತ್ತದೆ.
'ಎಂತ ಮಾರಾಯ ಕೂಸಪ್ಪ, ಜಪ ಮಾಡ್ತಿಯಾ?'
ಲಿಗೋರಿ ಸ್ಟಿಯರಿಂಗ್ ಗುದ್ದುತ್ತಾನೆ.

ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿದ ವಾರ
ಹಿಂಬಾಗಿಲಿನಿಂದ ಮೊದಲು ಬುಟ್ಟಿ ಬಂತು, ಮತ್ತೆ ಅವಳು.
ಒದ್ದೆ ನೋಟು ಕೊಟ್ಟಳು. ಚಿಲ್ಲರೆ ಎಣಿಸಿಕೊಂಡಳು.
ಕಂಕನಾಡಿಯಲ್ಲಿ ಇಳಿದದ್ದು ನಿಧಾನಕ್ಕೆ,
ಎಡಗಾಲು ಮೊದಲು. ಮತ್ತೆ ಇನ್ನೊಂದು.
ಎರಡೂ ನೆಲದಲ್ಲಿ.
ನನಗೆ ಬಾಯಿ ತೆರೆಯಲಿಲ್ಲ. ಹಿಂದೆ ಹಾರನ್ನು.
ಅವಳು ಒಮ್ಮೆ ಮುಖ ನೋಡಿದಳು,
ಬಸ್ಸಿನ ತಗಡಿಗೆ ಅಂಗೈಯಿಂದ ಎರಡು ಬಡಿದು
ಮಾರ್ಕೆಟ್ಟಿಗೆಲ್ಲ ಕೇಳುವ ಹಾಗೆ ಕೂಗಿದಳು:
ರೈಟ್!

ಯಾರ ದನಿ ಎಂದು ನೋಡದೆ ಲಿಗೋರಿ ಗೇರು ಹಾಕಿದ.
ಬಾಗಿಲ ಪಕ್ಕದ ತಗಡಿನಲ್ಲಿ ಮೀನಿನ ಹುರುಪೆಯೊಂದು ಅಂಟಿತ್ತು.
ಪಂಪ್‌ವೆಲ್ ದಾಟುವವರೆಗೆ
ನಾನು ಯಾರನ್ನೂ ಟಿಕೆಟ್ ಕೇಳಲಿಲ್ಲ.