ಕೆಂಪು ಗುಂಡಿ

ಸೂರ್ ಪಟ್ಟಣದ ಆ ಮನೆಗೆ ನಾನು ಡ್ರೈವರ್.
ವೀಸಾದಲ್ಲಿ ಅಷ್ಟೇ ಬರೆದಿತ್ತು.
ಖಮೀಸ್ ಮಸ್ಕತ್ತಿನಿಂದ ಮೊಬೈಲು ತಂದ ದಿನ
ತಾಯಿಯ ಮಡಿಲಲ್ಲಿ ಅದನ್ನಿಟ್ಟು
ನನ್ನ ಕಡೆ ಗಲ್ಲ ಎತ್ತಿ, "ಕಲಿಸು" ಎಂದು
ಗಾಡಿ ಹತ್ತಿದ.

ಬೆಲ್ಲದ ಅಚ್ಚಿನಷ್ಟು ತೂಕ. ನೆತ್ತಿಗೊಂದು ಕಡ್ಡಿ.
ಉಮ್ ಖಮೀಸ್‌ಗೆ ಓದು ಬಾರದು,
ನನಗೆ ಬರುವ ಓದು ಆ ದೇಶದ್ದಲ್ಲ.
ನನ್ನ ಅರಬ್ಬಿಯೋ ಪೆಟ್ರೋಲ್ ಬಂಕಿನದು:
ಎಡಕ್ಕೆ, ಬಲಕ್ಕೆ, ಸಾಕು, ಎಷ್ಟಾಯ್ತು.
ಅಷ್ಟರಲ್ಲೇ ಪಾಠ ಶುರು.

ಮೊದಲು ಕಡ್ಡಿ ಎಳೆಯಿರಿ.
ಮೇಲಿನ ಗುಂಡಿ ಒತ್ತಿ ಹಿಡಿಯಿರಿ, ಬೆಳಕು ಬರುವ ತನಕ.
ಬಂತು. ಹಸಿರು, ಗೋರಂಟಿ ಅರೆದ ನೀರಿನ ಹಾಗೆ.
ಈಗ ಅಂಕಿ.

ಅಂಕಿಯಲ್ಲೇ ಎಡವಿದ್ದು.
ಅವರ ಕಣ್ಣಿಗೆ ಐದು ಎಂದರೆ ಒಂದು ಉಂಗುರ,
ಸೊನ್ನೆ ಎಂದರೆ ಬರೀ ಚುಕ್ಕೆ.
ನೋಟಿನ ಮೇಲೆ ನೋಡಿ ಕಲಿತದ್ದು, ಸುಳ್ಳಾಗುವುದುಂಟೇ?
ಐದೆಂದಾಗಲೆಲ್ಲ ಸೊನ್ನೆ ಒತ್ತಿದರು,
ಆರೆಂದರೆ ಏಳು.
ಮಗಳಿಗೆಂದು ಮಾಡಿದ ಕರೆ
ಮೀನಿಗೆ ಐಸು ಹಾಕುವ ಕಾರ್ಖಾನೆಗೆ ಹೋಯಿತು.
ಅಲ್ಲಿಯವನ ಆರೋಗ್ಯ ಕೇಳಿದರು, ಅವನ ತಾಯಿಯದ್ದೂ.
ಅವನೂ ಪಾಪ, ಹೇಳಿದ.

ಮೂರನೇ ದಿನ ನಾನು ಮಜ್ಲಿಸಿಗೆ ಹೋಗಿ
ಗೋಡೆಯ ಫೋನಿನ ಪಕ್ಕ ನಿಂತೆ.
ಬಾರಿಸಿತು!
"ಬುಟ್ಟಯ್ಯಾ, ಎಲ್ಲಿದ್ದಿ?"
(ಅವರ ಭಾಷೆಯಲ್ಲಿ ಪಕಾರವಿಲ್ಲ,
ಗಂಗೊಳ್ಳಿಯ ಪುಟ್ಟಯ್ಯ ಖಾರ್ವಿ ಸೂರಿನಲ್ಲಿ ಬುಟ್ಟಿಯಾದ.)
"ಗೋಡೆಯಾಚೆ, ಅಮ್ಮಾ."
ನಗು ಎರಡು ಸಲ ಕೇಳಿಸಿತು,
ಒಮ್ಮೆ ತಂತಿಯಲ್ಲಿ, ಒಮ್ಮೆ ಬಾಗಿಲಲ್ಲಿ.

ಉಳಿದದ್ದು ಕೆಂಪು ಗುಂಡಿ.
ಮಾತು ಮುಗಿದ ಮೇಲೆ ಒತ್ತಬೇಕು, ಎಂದೆ.
"ಯಾಕೆ?"
ಕಟ್ ಆಗಲು.
"ಯಾಕೆ ಕಟ್ ಆಗಬೇಕು?
ಹೋಗುವವನು ಹೋಗುತ್ತಾನೆ.
ಅವನ ಬೆನ್ನಿಗೆ ನಾನ್ಯಾಕೆ ಬಾಗಿಲು ಬಡಿಯಲಿ?"
ದುಡ್ಡು ಓಡುತ್ತದೆ, ಎಂದೆ.
"ಓಡಲಿ, ಖಮೀಸನದು."
ಒತ್ತಲೇ ಇಲ್ಲ. ಮಾತಾಡುವರು, ದಿಂಬಿನ ಮೇಲೆ ಇಡುವರು,
ಕಾಫಿ ಬಗ್ಗಿಸಲು ಎದ್ದು ಹೋಗುವರು.
ಆಚೆಯವರೇ ಒತ್ತಬೇಕು, ಇಲ್ಲ ಬ್ಯಾಟರಿ ಸಾಯಬೇಕು.

ಒಂದು ಶುಕ್ರವಾರ ಫೋನನ್ನು ನನ್ನ ಕೈಗಿಟ್ಟರು.
"ನಿನ್ನ ಮನೆಗೆ ಮಾಡು.
ನನ್ನ ಗಂಡನ ಹಡಗು ಹೋಗುತ್ತಿತ್ತು ನಿಮ್ಮ ಮಂಗಲೂರಿಗೆ,
ಖರ್ಜೂರ ಇಳಿಸಿ ಹಂಚು ತರಲು.
ಎಂಟು ತಿಂಗಳು.
ಹಂಚು ಬಂದ ಮೇಲೇ ಗೊತ್ತಾಗುತ್ತಿತ್ತು, ಬದುಕಿದ್ದಾನೆಂದು."

ನಮ್ಮ ಮನೆಯಲ್ಲಿ ಫೋನಿರಲಿಲ್ಲ, ಪಕ್ಕದ ದೇವಕ್ಕನಲ್ಲಿ.
ಮೂಕಾಂಬು ಓಡಿ ಬಂದಳು, ಏದುಸಿರೇ ಮೊದಲ ಮಾತು.
ಪೇಟೆಯ ಬೂತಿನಲ್ಲಾದರೆ ನಾಣ್ಯ ಮುಗಿಯುತ್ತಿತ್ತು,
ಅರ್ಧ ಶಬ್ದಕ್ಕೇ ಕತ್ತರಿ; ಬೈದರೆ ಯಂತ್ರವನ್ನು ಬೈಯಬಹುದಿತ್ತು.
ಇಲ್ಲಿ ಎಲ್ಲ ಹೇಳಿ ಆಯಿತು.
ಮಗುವಿನ ಹಲ್ಲು, ಬಲೆಯ ಸಾಲ, ಮಾವನ ಕೆಮ್ಮು.
"ಇಡ್ಲಾ?" ಎಂದಳು.
"ಇಡು," ಎಂದೆ.
ಇಡಲಿಲ್ಲ.
ನನ್ನ ಹೆಬ್ಬೆರಳು ಕೆಂಪಿನ ಮೇಲೆ ಕೂತೇ ಇತ್ತು,
ಗಾಜಿನ ಮೇಲೆ ಕೂತ ನೊಣದ ಹಾಗೆ.

ದೇವಕ್ಕ ದೂರದಿಂದ: "ಇಟ್ರಾ ಅವ್ರ್?"
ಇವಳು: "ಇಲ್ಲ, ಉಸ್ರ್ ಕೇಂತಿತ್."
ಒಂದು ಕೋಳಿ. ಸೈಕಲ್ಲಿನ ಗಂಟೆ.
ಯಾರದೋ ಅಂಗಳದಲ್ಲಿ ತೆಂಗಿನ ಗರಿ ಎಳೆವ ಸದ್ದು.

ಖಮೀಸನ ದುಡ್ಡು, ಮೂರೂವರೆ ರಿಯಾಲ್.
ಉಮ್ ಖಮೀಸ್ ಏನೂ ಕೇಳಲಿಲ್ಲ,
ಗೋಡೆಗೆ ಮುಖ ಮಾಡಿ ಬಟಾಣಿ ಬಿಡಿಸುತ್ತಿದ್ದರು,
ಸಿಪ್ಪೆಯ ಸದ್ದು ಕೂಡ ಆಗದ ಹಾಗೆ.