ಹರ್ಗೇಸಾದಲ್ಲಿ ಚಿಲ್ಲರೆ

ಎಡಗಾಲಿನ ಕಾಲುಚೀಲದಲ್ಲಿ ಇನ್ನೂರು,
ಸೊಂಟದ ಒಳಪಟ್ಟಿಯಲ್ಲಿ ನಾನೂರು,
ಮಾತ್ರೆ ಡಬ್ಬಿಯ ಹತ್ತಿಯಡಿ ನೂರು,
ಮೇಲೆ, ಕಳ್ಳರಿಗೆಂದೇ ಇಟ್ಟುಕೊಂಡ
ಸುಳ್ಳು ಪರ್ಸಿನಲ್ಲಿ ಹನ್ನೊಂದು ಡಾಲರು.
ಹೀಗೆ ನನ್ನನ್ನೇ ನಾನು ಪಾಲು ಮಾಡಿಕೊಂಡು
ಹರ್ಗೇಸಾದ ಪೇಟೆಯಲ್ಲಿ ನಡೆಯುತ್ತಿದ್ದೆ,
ಕೊಂಚ ಕುಂಟುತ್ತ.
ನೋಟು ಬೆವರಿಗೆ ನೆಂದು ಹಿಮ್ಮಡಿಗೆ ಅಂಟಿತ್ತು.

ಅಲ್ಲಿ ದುಡ್ಡು ಬೀದಿಯಲ್ಲಿ ಕೂತಿತ್ತು.
ಗಾಜಿಲ್ಲ, ಸರಳಿಲ್ಲ, ಬಂದೂಕಿನವನಿಲ್ಲ.
ಈರುಳ್ಳಿ ಗುಡ್ಡೆಯ ಪಕ್ಕ,
ಒಂಟೆಹಾಲಿನ ಹಳದಿ ಕ್ಯಾನುಗಳ ಪಕ್ಕ
ರಬ್ಬರು ಬಿಗಿದ ಶಿಲ್ಲಿಂಗಿನ ಕಂತೆ,
ಒಂದರ ಮೇಲೊಂದು ಪೇರಿಸಿದ ಇಟ್ಟಿಗೆ:
ಗೋಡೆ ಕಟ್ಟುವವನು ಊಟಕ್ಕೆ ಹೋಗಿದ್ದಾನೇನೋ
ಅನ್ನುವ ಹಾಗೆ.

ಗುಲೇದ್, ಮದರಂಗಿ ಹಚ್ಚಿದ ಗಡ್ಡ, ಒಂದು ಕಣ್ಣಿಗೆ ಪೊರೆ,
ಹಡಗಿನಲ್ಲಿ ಕಲಿತ ಹರಕು ಹಿಂದಿಯಲ್ಲಿ
ನನ್ನ ನಡಿಗೆ ನೋಡಿಯೇ ಕೇಳಿದ:
“ಎಡಗಾಲೋ?”
ಪೆಚ್ಚಾದೆ.
“ಹಡಗಿನವರದು ಬೆಲ್ಟಿನಲ್ಲಿ,
ಡಾಕ್ಟರುಗಳದು ಪುಸ್ತಕದಲ್ಲಿ,
ಕುಂಟುವವರದು ಕಾಲಲ್ಲಿ.
ಕೈ ಮತ್ತೆ ಮತ್ತೆ ಎಲ್ಲಿಗೆ ಹೋಗುತ್ತದೋ
ಗಂಟು ಅಲ್ಲಿ. ಕಳ್ಳ ಹುಡುಕಬೇಕಿಲ್ಲ,
ನೀನೇ ತೋರಿಸುತ್ತೀ.”

ಹತ್ತರ ನೋಟನ್ನು ಬಿಸಿಲಿಗೆ ಹಿಡಿದ,
ಉಗುರಿನಿಂದ ಅಂಚು ಸವರಿದ,
ತಲೆಯಾಡಿಸಿದ.
“ಇಷ್ಟು ಸಾಕು. ಎಲ್ಲ ಬದಲಿಸಬೇಡ.
ಗಡಿ ದಾಟಿದರೆ ನಮ್ಮ ಶಿಲ್ಲಿಂಗಿಗೆ
ಹೆಸರು ಹಿಡಿದು ಕರೆಯುವವರಿಲ್ಲ.”
ಹತ್ತಕ್ಕೆ ಬದಲು ಒಂದು ಚೀಲ ತುಂಬ ಕೊಟ್ಟ.
ಬಡವರಾಗುವುದು ಇಷ್ಟು ಭಾರವೆಂದು
ನನಗೆ ಗೊತ್ತಿರಲಿಲ್ಲ; ಸಾಹುಕಾರರಾಗುವುದೂ.

ಆಗ ಬಾಂಗು ಕೇಳಿಸಿತು.
ಗುಲೇದ್ ಎದ್ದ. ಕಂತೆಗಳ ಮೇಲೆ ಒಂದು ಕಲ್ಲಿಟ್ಟ.
ನನ್ನ ಕಡೆ ಕೊಡೆ ವಾಲಿಸಿ “ಕೂತಿರು” ಅಂದ,
ನಡೆದೇಬಿಟ್ಟ. ಸಾಲಿನವರೆಲ್ಲ ನಡೆದರು.

ಕೂತೆ.
ಬೆನ್ನು ನೆಟ್ಟಗೆ, ಕಣ್ಣು ನಾಲ್ಕೂ ದಿಕ್ಕಿಗೆ,
ಬೀದಿಯ ಖಜಾನೆಗೆಲ್ಲ ನಾನೊಂದೇ ಬೀಗ.
ಹಣವೆಂದರೆ ಹೆಣವೂ ಬಾಯಿಬಿಡುತ್ತದೆಂದು
ಕೇಳಿ ಬೆಳೆದ ಕಿವಿ ನನ್ನದು.
ಹುಡುಗರು ಹಾದುಹೋದರು. ಸೈನಿಕನೊಬ್ಬ.
ಕೈಗಾಡಿ ತಳ್ಳುವವನು ಕಂತೆಗೆ ಚಕ್ರ ತಾಗದಂತೆ
ಬಳಸಿಕೊಂಡು ಹೋದ.

ಬಾಯಿಬಿಟ್ಟದ್ದು ಒಂದು ಆಡು.
ಬಂತು, ಮೂಸಿತು, ಸಾವಿರದ ನೋಟಿನ ಮೂಲೆಯನ್ನು
ಹಲಸಿನೆಲೆ ಮೇಯ್ದಷ್ಟು ನೆಮ್ಮದಿಯಿಂದ ಮೇಯಿತು.
ನಾನು ಕೂಗಿದೆ. ಕನ್ನಡದಲ್ಲಿ.

ಚಹಾದ ಉಬಾಹ್ ಬಿದ್ದು ಬಿದ್ದು ನಕ್ಕಳು.
ಆಡಿನ ಬೆನ್ನಿಗೊಂದು ಕೋಲು ತಟ್ಟಿ
ಕಲ್ಲನ್ನು ತೋರಿಸಿ ಗಾಳಿಯಂತೆ ಊದಿದಳು,
ಕೋಲನ್ನು ತೋರಿಸಿ ಆಡಿನಂತೆ ಅರಚಿದಳು,
ನನ್ನನ್ನು ತೋರಿಸಿ, ತಲೆಯ ಮೇಲಿನ ಕೊಡೆ ತೋರಿಸಿ,
ಹಣೆಯ ಬೆವರು ಒರೆಸುವಂತೆ ಮಾಡಿದಳು.

ಓ.
ಕಾವಲಿಗೆಂದು ಕೂರಿಸಿರಲಿಲ್ಲ ನನ್ನನ್ನು.
ನೆರಳಿಗೆ.

ಗುಲೇದ್ ಬಂದ, ಎಣಿಸಲಿಲ್ಲ.
ಎಣಿಸಿದ್ದು ನಾನು, ರಾತ್ರಿ, ಹೋಟೆಲಿನ ಚಿಲಕ ಹಾಕಿ,
ಹಾಕಿದ್ದೇನೆಯೇ ಎಂದು ಎರಡು ಸಲ ನೋಡಿ.
ಸೊಂಟದ್ದು ಸರಿಯಿತ್ತು, ಡಬ್ಬಿಯದು ಸರಿಯಿತ್ತು.
ಕಾಲುಚೀಲದ್ದು ಮಾತ್ರ
ಒದ್ದೆ ಹಪ್ಪಳದಂತೆ ಮುದ್ದೆಯಾಗಿ
ಮಡಿಕೆಯಲ್ಲಿ ಸೀಳಿತ್ತು.

ಬೆಳಿಗ್ಗೆ ಒಯ್ದೆ.
ಬಿಸಿಲಿಗೆ ಹಿಡಿದ, ಬಹಳ ಹೊತ್ತು,
ರೋಗಿಯ ನಾಲಿಗೆ ನೋಡುವ ವೈದ್ಯನಂತೆ.
“ಹರಿದ ಡಾಲರು ಇಲ್ಲಿ ಯಾರಿಗೂ ಬೇಡ.
ಯಾರು ಮಾಡಿದ್ದು?”
ನನ್ನ ಹಿಮ್ಮಡಿ, ಅಂದೆ.

ಹೊರಡುವ ಮುನ್ನ ಚಹಾ ಕುಡಿದೆ.
ಗುಲೇದನ ಚೀಲದ ತಳದಲ್ಲಿ
ಆಡು ಕಚ್ಚಿದ ಆ ನೋಟು ಸಿಕ್ಕಿತು, ಹಲ್ಲಿನ ಗುರುತಿನ ಸಮೇತ;
ಯಾವಾಗ ಸೇರಿಸಿದನೋ, ಮುದುಕ.
ಅಳುಕುತ್ತಲೇ ನೀಡಿದೆ.
ಉಬಾಹ್ ನೋಡಲೂ ಇಲ್ಲ,
ಡಬ್ಬಕ್ಕೆ ಹಾಕಿ
ಲೋಟಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು.