ಲೈಸೆನ್ಸಿಗೆ ಮುಂಚೆ

ಲಿಖಿತ ಪರೀಕ್ಷೆ ಪಾಸು. ಡಾಕ್ಟರ ಚೀಟಿಯೂ ಬಂತು.
ಗೋಡೆಗೆ ಬೋಲ್ಟು ಬಿಗಿದ ಕಬ್ಬಿಣದ ಬೀರು,
ತೋಟಾಗಳಿಗೆ ಬೇರೆ ಕೋಣೆ, ಬೇರೆ ಕೀಲಿ;
ಎರಡರ ನಕ್ಷೆಯೂ ಠಾಣೆಯಲ್ಲಿದೆ.

ಅಕಿತಾದ ಈ ಹಳ್ಳಿಗೆ ಕರಡಿ ಇಳಿಯುವುದು ನಿಜ,
ಪರ್ಸಿಮನ್ ಮರದ ತೊಗಟೆ ನೋಡಿ, ಎಂದೆ.
ಬರೆದುಕೊಂಡರು ಪೊಲೀಸಿನ ಕುದೋ.

ಕಾನ್‌ಜೋ ಕುಡಿಯುತ್ತಾರೆಯೇ?
ಹಬ್ಬಕ್ಕೆ, ಚೂರು.
ಸಾಲ?
ಇಲ್ಲ.
ಸಿಟ್ಟು?

ಚಹಾ ಆರುತ್ತಿತ್ತು.
ಕುದೋ ಬೆನ್ನ ಹಿಂದೆ ಕಾಗದದ ಬಾಗಿಲು,
ಅದರಲ್ಲಿ, ನನ್ನ ಮುಖದ ಎತ್ತರಕ್ಕೆ,
ಮುಷ್ಟಿಯಗಲದ ತೂತು ಮುಚ್ಚಿದ ತೇಪೆ:
ಚೆರ್ರಿ ಹೂವಿನ ಹಾಗೆ ಕತ್ತರಿಸಿ
ಅನ್ನದ ಅಂಟಿನಲ್ಲಿ ನಾನೇ ಅಂಟಿಸಿದ್ದು.
ಬಂದವರೆಲ್ಲ ಚೆಂದ ಅನ್ನುತ್ತಾರೆ.

ಆಚೆ ಕೋಣೆಯಲ್ಲಿ ಕೆಮ್ಮು.

ಇಷ್ಟೆಲ್ಲ ಕಾನೂನಿನಲ್ಲಿ
ನನಗೆಂದು ಬಿಟ್ಟದ್ದು ಒಂದು ಸಾಲು.
ಪೆನ್ನು ಕಾಯುತ್ತಿತ್ತು.

ಬಾಗಿಲ ಮೇಲಿನ ಹೂವು
ನೋಡಿದಿರಾ, ಎಂದೆ.